ಪಕ್ಕದ ಅಂಗಡಿಯವರ ಮಿಲಿಟರಿ ಕೋಟು

ಸ್ಯಾನ್ ಪೀಡ್ರೊ ಎಂಬ ಬಂದರು ಊರಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇತ್ತು. ಹೊಸ ಬಟ್ಟೆ ಹೊಲಿಯುವುದು ಕಡಿಮೆ, ಆಲ್ಟರೇಶನ್ನೇ ಜಾಸ್ತಿ. ಪ್ಯಾಂಟಿನ ತುದಿ ಮಡಿಸುವುದು, ಸೊಂಟ ಬಿಡುವುದು, ಕಿತ್ತುಹೋದ ಜಿಪ್ ಬದಲಿಸುವುದು, ಇಂಥವೇ. ಗಂಡ ಬಂದರಿನ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಕಂಟೇನರ್‌ಗಳ ಹಿಂದೆ ಓಡಾಡುತ್ತಿದ್ದರು. ನಾನು ಟೇಪು ಹಿಡಿದು ಬಂದರಿನವರ ಹೊಟ್ಟೆಯ ಸುತ್ತ ಓಡಾಡುತ್ತಿದ್ದೆ. ಇಷ್ಟಕ್ಕೆ ಅಮೆರಿಕಕ್ಕೆ ಹೋಗಬೇಕಿತ್ತಾ ಎಂದು ಊರಿನಲ್ಲಿ ಕೆಲವರು ಮೂಗು ಮುರಿದರಂತೆ. ಮುರಿದುಕೊಳ್ಳಲಿ. ನಾನು ಹಾಕಿದ ಹೊಲಿಗೆ ಬಿಟ್ಟಿತೆಂದು ವಾಪಸು ಬಂದ ಗಿರಾಕಿಯನ್ನು ನಾನು ಕಂಡಿಲ್ಲ.

ತೊಂಬತ್ತರ ದಶಕದ ಆ ವರ್ಷಗಳಲ್ಲಿ ನನ್ನ ಅಂಗಡಿಗೆ ದೊಡ್ಡ ಸೀಸನ್ ಅಂದರೆ ಬೇಸಿಗೆಯ ಯುದ್ಧ. ಬಂದರಿನ ಮೇಲಿನ ಗುಡ್ಡದಲ್ಲಿ ಎರಡನೇ ಮಹಾಯುದ್ಧದ ಕಾಲದ ಫಿರಂಗಿ ಕಟ್ಟೆಗಳಿವೆ. ವರ್ಷಕ್ಕೊಮ್ಮೆ, ಒಂದು ಶನಿವಾರ ಭಾನುವಾರ, ಅಲ್ಲಿ ಊರಿನವರೆಲ್ಲ ಸೇರಿ ಆ ಕಾಲವನ್ನು ಮತ್ತೆ ಆಡಿ ತೋರಿಸುತ್ತಿದ್ದರು. ಹಳೆಯ ಜೀಪುಗಳು, ಡೇರೆಗಳು, ಅಜ್ಜಿಯಂದಿರ ಕಾಲದ ಹಾಗೆ ಕೂದಲು ಸುರುಳಿ ಮಾಡಿಕೊಂಡ ಹುಡುಗಿಯರು, ಬ್ಯಾಂಡು, ಡಾನ್ಸು. ಭಾನುವಾರ ಬೆಳಿಗ್ಗೆ ಮಾಜಿ ಸೈನಿಕರ ಪರೇಡು, ಮಧ್ಯಾಹ್ನ ಹುಸಿ ಗುಂಡಿನ ಕಾಳಗ. ಕಾಳಗಕ್ಕೆ ಹೊರಟವರೆಲ್ಲ ಎಲ್ಲೆಲ್ಲಿಂದಲೋ ಹಳೆಯ ಯೂನಿಫಾರ್ಮು ಕೊಂಡು ನನ್ನಲ್ಲಿಗೆ ತರುತ್ತಿದ್ದರು. ಆ ಯೂನಿಫಾರ್ಮುಗಳನ್ನು ಹೊಲಿದದ್ದು ಯುದ್ಧಕಾಲದ ಬಡಕಲು ಹುಡುಗರಿಗೆ. ಈಗ ತೊಡುವವರು ಬರ್ಗರ್ ತಿಂದು ಬೆಳೆದವರು. ಅಮೆರಿಕದ ಸೈನಿಕರ ಹೊಟ್ಟೆಯನ್ನೂ ಜರ್ಮನ್ ಸೈನಿಕರ ಹೊಟ್ಟೆಯನ್ನೂ ನಾನು ಒಂದೇ ನ್ಯಾಯದಲ್ಲಿ ಸಡಿಲಿಸಿಕೊಡುತ್ತಿದ್ದೆ. ಶತ್ರುಗಳ ತೋಳುಪಟ್ಟಿಯ ಚಿಹ್ನೆಯನ್ನು ಮಾತ್ರ ಮುಟ್ಟುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದೆ.

ಆ ವರ್ಷ ಮಾವ, ಅಂದರೆ ಗಂಡನ ತಂದೆ, ಊರಿನಿಂದ ಬಂದಿದ್ದರು. ಮಂಗಳೂರು ಕಡೆಯ ಯಕ್ಷಗಾನ ಮೇಳದಲ್ಲಿ ಆಯುಷ್ಯವಿಡೀ ಬಣ್ಣದ ವೇಷ ಮಾಡಿದವರು. ರಾವಣ, ಕುಂಭಕರ್ಣ, ಮಹಿಷಾಸುರ, ಒಟ್ಟಿನಲ್ಲಿ ರಾಕ್ಷಸರೆಲ್ಲ ಅವರ ಪಾಲಿಗೆ. ಎತ್ತರದ ಆಳು, ದೊಡ್ಡ ಗಂಟಲು, ಮೇಲಿಂದ ತಾನೊಬ್ಬ ದೊಡ್ಡ ಕಲಾವಿದ ಎಂಬ ಹಮ್ಮು. ಆ ಹಮ್ಮು ಅವರಿಗೆ ಒಪ್ಪುತ್ತಿತ್ತು ಅನ್ನಿ. ಮೊದಲು ಅವರು ಹೋದದ್ದು ಸ್ಯಾನ್ ಡಿಯಾಗೊದ ರಾಂಚೊ ಬರ್ನಾರ್ಡೊಗೆ, ಹಿರಿಯ ಮಗನ ಮನೆಗೆ. ಅಲ್ಲಿ ಒಂದು ವಾರ ತಡೆದುಕೊಂಡರು. ಆಮೇಲೆ ನನಗೆ ಫೋನು.

"ಇಲ್ಲಿ ಎಲ್ಲ ಮನೆಗೂ ಒಂದೇ ಬಣ್ಣ ಮಾರಾಯ್ತಿ. ಬೆಳಿಗ್ಗೆ ಗ್ಯಾರೇಜಿನ ಬಾಗಿಲು ಮೇಲೆ ಹೋಗ್ತದೆ, ಕಾರು ಹೊರಗೆ ಬರ್ತದೆ, ಬಾಗಿಲು ಕೆಳಗೆ ಬರ್ತದೆ. ಸಂಜೆ ಅದೇ ಆಟ ಉಲ್ಟಾ. ಮನುಷ್ಯನ ಮುಖ ಕಾಣ್ಲಿಕ್ಕೆ ಸಿಗುದಿಲ್ಲ. ನನ್ನನ್ನು ಕರ್ಕೊಂಡು ಹೋಗು."

ಕರೆದುಕೊಂಡು ಬಂದೆವು. ಬಂದವರು ಬಂದರಿನ ಗಾಳಿ ಮೂಗಿಗೆ ಬಡಿದ ಕೂಡಲೇ, "ಹಾಂ, ಇಲ್ಲಿ ಮೀನು ಉಂಟು" ಎಂದು ಹಿಗ್ಗಿದರು. ಅಂಗಡಿಯ ಮುಂದೆ ಒಂದು ಕುರ್ಚಿ ಹಾಕಿಸಿಕೊಂಡು ಪಂಚೆ, ಬನಿಯನ್ನಿನ ಮೇಲೆ ಮಗನ ಜಾಕೆಟ್ ತೊಟ್ಟು ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ.

ನನ್ನ ಅಂಗಡಿಯ ಪಕ್ಕದಲ್ಲಿ ಗಾಳ, ದಾರ, ಮೀನಿಗೆ ಹಾಕುವ ತಿಂಡಿ ಮಾರುವ ಅಂಗಡಿ. ಅದರ ಯಜಮಾನರಿಗೂ ಮಾವನದೇ ವಯಸ್ಸು. ಜಪಾನಿನಿಂದ ವಲಸೆ ಬಂದ ಬೆಸ್ತರ ಮಗ. ಹುಟ್ಟಿದ್ದು ಬೆಳೆದದ್ದು ಬಂದರಿನಾಚೆ ಎದುರಿಗೇ ಕಾಣುವ ದ್ವೀಪದಲ್ಲಿ. ಮಾತು ಬಹಳ ಕಡಿಮೆ. ನಮ್ಮ ಮನೆಯಲ್ಲಿ ಅವರನ್ನು ಪಕ್ಕದ ಅಂಕಲ್ ಎನ್ನುತ್ತಿದ್ದೆವು.

ಇವರಿಬ್ಬರ ಸ್ನೇಹ ಶುರುವಾದದ್ದು ಜಗಳದಿಂದ. ಮೊದಲ ದಿನವೇ ಮಾವ ಆ ಅಂಗಡಿಯೊಳಗೆ ಇಣುಕಿ ನೋಡುತ್ತಾರೆ, ಅಂಕಲ್ ಒಳ್ಳೆ ಹೊಳೆಯುವ ಬಂಗುಡೆ ಮೀನನ್ನು ತುಂಡು ತುಂಡು ಮಾಡಿ ಪೊಟ್ಟಣ ಕಟ್ಟುತ್ತಿದ್ದಾರೆ. ಗಾಳಕ್ಕೆ ಸಿಕ್ಕಿಸುವುದಕ್ಕೆ! ಮಾವ ಓಡಿ ಬಂದು ನನ್ನ ಮೆಶಿನ್ನಿನ ಮುಂದೆ ನಿಂತರು.

"ಬಂಗುಡೆಯನ್ನು ಗಾಳಕ್ಕೆ ಹಾಕುದಾ? ಇವರಿಗೆ ತಲೆ ಸಮ ಉಂಟಾ? ಹೋಗಿ ಹೇಳು, ಇದು ತಿನ್ಲಿಕ್ಕೆ ಇರುದು ಅಂತ. ಮಹಾ ಪಾಪ!"

ನಾನು ಹೋಗಿ ಹೇಳಿದೆ. ಅಂಕಲ್ ಗಂಭೀರವಾಗಿ ಕೇಳಿಸಿಕೊಂಡು ಎರಡು ಇಡೀ ಬಂಗುಡೆಯನ್ನು ಕಾಗದದಲ್ಲಿ ಸುತ್ತಿ ಕಳಿಸಿದರು. ಮರುದಿನ ನಾನು ಮಾಡಿದ ಹುಳಿ ಖಾರದ ಬಂಗುಡೆ ಪುಳಿಮುಂಚಿ ಡಬ್ಬಿಯಲ್ಲಿ ಅವರ ಅಂಗಡಿಗೆ ಹೋಯಿತು. ಅಲ್ಲಿಂದ ಮುಂದೆ ಮಾವನ ಕುರ್ಚಿ ನನ್ನ ಬಾಗಿಲಿನಿಂದ ಮೆಲ್ಲಗೆ ಅವರ ಬಾಗಿಲಿಗೆ ಸರಿಯಿತು. ಇವರಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು, ಇಬ್ಬರಿಗೂ ಅದರಿಂದ ಏನೂ ತೊಂದರೆ ಆದಂತೆ ಕಾಣಲಿಲ್ಲ. ಬಂಗುಡೆ ಕತ್ತರಿಸುವ ಹೊತ್ತಿಗೆ ಮಾತ್ರ ಮಾವ ಮುಖ ಆಚೆ ತಿರುಗಿಸಿ ಕೂರುತ್ತಿದ್ದರು.

ಉತ್ಸವಕ್ಕೆ ಇನ್ನೂ ಕೆಲವು ವಾರ ಇದ್ದಾಗ, ಮಾವ ಊಟಕ್ಕೆ ಹೋಗಿದ್ದ ಹೊತ್ತು ನೋಡಿ ಅಂಕಲ್ ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಹಾಸಿಗೆ ಚಾದರದಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿದರೆ ಅಮೆರಿಕನ್ ಸೈನ್ಯದ ಕೋಟು. ತೋಳಿನ ಮೇಲೆ ಪಟ್ಟಿಗಳು, ಎದೆಯ ಮೇಲೆ ರಿಬ್ಬನ್ನು. ಉಣ್ಣೆ ಅಲ್ಲಲ್ಲಿ ನುಸಿ ತಿಂದಿತ್ತು. ಕೊಂಡ ಮಾಲಲ್ಲ, ತೊಟ್ಟ ಕೋಟು ಎಂದು ಕಾಲರಿನ ಒಳಮೈ ನೋಡಿದರೇ ತಿಳಿಯುತ್ತಿತ್ತು.

"ನನ್ನದು. ತೋಳು ಉದ್ದ ಬೀಳುತ್ತೆ, ಬೆನ್ನು ಬಿಗಿಯುತ್ತೆ. ಸರಿ ಮಾಡೋದಕ್ಕಾಗುತ್ತಾ?" ಎಂದರು. ಅವರ ಇಂಗ್ಲಿಷನ್ನು ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಟೇಪು ಹಿಡಿದಾಗ ಜನ ಮಾತಾಡುತ್ತಾರೆ, ಅದು ನನ್ನ ಅನುಭವ. ಅಷ್ಟು ವರ್ಷ ಬಾಯಿ ಬಿಡದ ಮನುಷ್ಯ ಅಂದು ಬಾಯಿ ಬಿಟ್ಟರು. ಯುದ್ಧ ಶುರುವಾದ ಮೇಲೆ ದ್ವೀಪದ ಜಪಾನೀ ಮನೆಗಳನ್ನೆಲ್ಲ ಖಾಲಿ ಮಾಡಿಸಿ ಮರಳುಗಾಡಿನ ಶಿಬಿರಕ್ಕೆ ಸಾಗಿಸಿದ್ದರು. ಆ ಶಿಬಿರದ ತಂತಿಬೇಲಿಯೊಳಗಿಂದಲೇ ಇವರು ಅಮೆರಿಕದ ಸೈನ್ಯಕ್ಕೆ ಸೇರಿ ಇಟಲಿಯಲ್ಲಿ ಕಾದಾಡಿದರು. ಯುದ್ಧ ಮುಗಿದು ಇದೇ ಕೋಟು ತೊಟ್ಟು ಊರಿಗೆ ಬಂದರೆ ದ್ವೀಪದಲ್ಲಿ ಮನೆಗಳೇ ಇಲ್ಲ, ಎಲ್ಲ ನೆಲಸಮ. ಅಂದು ಕಳಚಿಟ್ಟ ಕೋಟನ್ನು ಮತ್ತೆ ತೊಟ್ಟಿರಲಿಲ್ಲ. ಗುಡ್ಡದ ಮೇಲೆ ಪರೇಡು ಶುರುವಾದಂದಿನಿಂದ ಪ್ರತಿ ವರ್ಷ ಹೋಗುತ್ತಿದ್ದರಂತೆ, ಪಕ್ಕದಲ್ಲಿ ನಿಂತು ನೋಡುವುದಕ್ಕೆ.

"ಫುಟ್‌ಪಾತಿನಲ್ಲಿ ನಿಂತು ಸಾಕಾಯಿತು. ಈ ಸಲ ರಸ್ತೆಯ ಮೇಲೆ ನಡೀಬೇಕು ಅಂತ ಇದೆ" ಎಂದರು. ಆಮೇಲೆ, "ಅಲ್ಲೀತನಕ ಯಾರಿಗೂ ಹೇಳಬೇಡ. ಕೊನೇ ಗಳಿಗೆಯಲ್ಲಿ ನನಗೆ ಬೇಡ ಅನ್ನಿಸಿದರೆ ಯಾರೂ ಕೇಳೋದು ಬೇಡ" ಎಂದರು.

ಗಿರಾಕಿಯ ಮಾತು ಮಾತೇ. ಕೋಟಿಗೆ ಬಟ್ಟೆ ಹೊದೆಸಿ ಹಿಂದಿನ ಕೋಣೆಯಲ್ಲಿ ತೂಗುಹಾಕಿದೆ. ಮಾವನಿಗೂ ಹೇಳಲಿಲ್ಲ. ಅವರಿಗೆ ಹೇಳುವುದೂ ಒಂದೇ, ಧ್ವಜಕಟ್ಟೆಯಲ್ಲಿ ಮೈಕ್ ಹಿಡಿಯುವುದೂ ಒಂದೇ.

ಇತ್ತ ಪೇಟೆಯಲ್ಲಿ ಬೇರೆಯೇ ಯುದ್ಧ ನಡೆದಿತ್ತು. ಹಿಂದಿನ ವರ್ಷ ಕಾಳಗ ಮುಗಿದ ಮೇಲೆ ಜರ್ಮನ್ ಸೈನಿಕರಾಗಿದ್ದ ನಾಲ್ಕಾರು ಮಂದಿ ಅದೇ ಬೂಟು, ಅದೇ ಟೋಪಿಯಲ್ಲಿ ಗುಡ್ಡ ಇಳಿದು ನಮ್ಮ ಬೀದಿಗೆ ಬಂದು ಐಸ್‌ಕ್ರೀಮ್ ತಿನ್ನುತ್ತ ತಿರುಗಾಡಿದ್ದರು. ಬೇಕರಿಯ ಮುಂದೆ ಒಬ್ಬ ವೃದ್ಧೆ ಅವರನ್ನು ಕಂಡು ಫುಟ್‌ಪಾತಿನಲ್ಲೇ ಕುಸಿದು ಕೂತರು. ಯುರೋಪಿನಿಂದ ಆ ಕಾಲದಲ್ಲಿ ಜೀವ ಉಳಿಸಿಕೊಂಡು ಬಂದವರು, ಯಹೂದಿ. ನೀರು ತಂದು ಕೊಟ್ಟವಳು ನಾನು. ಲೋಟವನ್ನು ನಾನೇ ಅವರ ಬಾಯಿಗೆ ಹಿಡಿಯಬೇಕಾಯಿತು. ಆ ಹುಡುಗರೇನು ಕೆಟ್ಟವರಲ್ಲ, ವಾರವಿಡೀ ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿಯುವವರು. ಆದರೆ ತಾವು ಏನು ತೊಟ್ಟಿದ್ದೇವೆ ಎಂಬುದು ಐಸ್‌ಕ್ರೀಮಿನ ಮುಂದೆ ಅವರಿಗೆ ಮರೆತೇಹೋಗಿತ್ತು.

ಈ ವರ್ಷ ಪೇಪರಿನಲ್ಲಿ ಓದುಗರ ಕಾಗದಗಳ ಮೇಲೆ ಕಾಗದ. ಶತ್ರುಗಳ ಯೂನಿಫಾರ್ಮನ್ನೇ ನಿಷೇಧಿಸಿ ಎಂದು ಒಂದು ಪಕ್ಷ. ಶತ್ರುವಿಲ್ಲದೆ ಯಾರೊಡನೆ ಕಾದಾಡುವುದು, ಗಾಳಿಯ ಜೊತೆಯಾ ಎಂದು ಇನ್ನೊಂದು ಪಕ್ಷ. ಕೊನೆಗೆ ಉತ್ಸವದ ಕಮಿಟಿಯವರು ಒಂದು ಸಂಜೆ ಸಭೆ ಕರೆದರು. ಎರಡೂ ಸೈನ್ಯದ ದರ್ಜಿ ನಾನೇ ಆದದ್ದರಿಂದ ನನಗೂ ಕರೆ ಬಂತು. ಅಲ್ಲಿ ಕಾಫಿ, ಕೇಕು ಉಂಟು ಎಂದು ಕೇಳಿ ಮಾವನೂ ಹೊರಟರು. ಪಕ್ಕದ ಅಂಕಲ್ ಕೂಡ ಬಂದು ಹಿಂದಿನ ಸಾಲಿನಲ್ಲಿ, ಬಾಗಿಲ ಬಳಿ ಕೂತಿದ್ದರು.

ಸಭೆ ಬೇಗ ಬಿಸಿಯಾಯಿತು. ಕೂಗಾಟ ಎದ್ದಿತು. ಮಾವ ಕೇಕು ತಿನ್ನುತ್ತಲೇ ನನ್ನ ಮೊಣಕೈ ತಿವಿದು ಏನು ವಿಷಯವೆಂದು ಕೇಳಿದರು. ಹೇಳಿದೆ. "ಇಷ್ಟೆಯಾ?" ಎಂದು ಎದ್ದು ನಿಂತೇಬಿಟ್ಟರು. ಆರಡಿ ಎತ್ತರದ, ಪಂಚೆಯುಟ್ಟ ಮನುಷ್ಯ ಎದ್ದು ನಿಂತದ್ದಕ್ಕೇ ಸಭೆ ಸುಮ್ಮನಾಯಿತು.

"ಹೇಳು ಇವರಿಗೆ. ರಾವಣ ಬೇಡ ಅಂದ್ರೆ ರಾಮನಿಗೆ ಎಂತ ಕೆಲಸ? ರಾವಣ ಬೇಕು. ಆದ್ರೆ ಅವ ರಂಗಸ್ಥಳದಲ್ಲಿ ಇರ್ಬೇಕು. ನಮ್ಮ ಮೇಳದಲ್ಲಿ ವೇಷ ಕಟ್ಟಿದವ ಚೌಕಿಯಿಂದ ಸೀದಾ ರಂಗಸ್ಥಳಕ್ಕೆ, ರಂಗಸ್ಥಳದಿಂದ ಸೀದಾ ಚೌಕಿಗೆ. ಆ ವೇಷದಲ್ಲಿ ಪೇಟೆಗೆ ಹೋಗಿ ಚಾ ಕುಡಿಲಿಕ್ಕಿಲ್ಲ. ಆಟ ಮುಗೀತಾ, ವೇಷ ಕಳಚ್ಬೇಕು. ಇಲ್ಲದಿದ್ರೆ ನೋಡಿದವರಿಗೂ ಹೆದರಿಕೆ, ವೇಷಕ್ಕೂ ಮರ್ಯಾದೆ ಇಲ್ಲ."

ಚೌಕಿ ಎಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ ಎಂದು ವಿವರಿಸಿ ನಾನು ಅಷ್ಟನ್ನೂ ಇಂಗ್ಲಿಷಿಗೆ ತಿರುಗಿಸಿದೆ. ಎರಡೂ ಪಕ್ಷದವರಿಗೆ ಕೂಗಾಡಿ ಸಾಕಾಗಿತ್ತೋ ಏನೋ, ತಲೆಯಾಡಿಸಿದರು. ಕಮಿಟಿಯ ಅಧ್ಯಕ್ಷೆ ಬೋರ್ಡಿನ ಮೇಲೆ ಬರೆದೇಬಿಟ್ಟರು. ಗೇಟಿನ ಬಲಗಡೆ ಶತ್ರುಗಳಿಗೆ ಒಂದು ಪ್ರತ್ಯೇಕ ಡೇರೆ, ಅಲ್ಲೇ ತೊಡಬೇಕು, ಕಾಳಗ ಮುಗಿದ ಕೂಡಲೇ ಅಲ್ಲೇ ಕಳಚಬೇಕು, ಆ ಬಟ್ಟೆಯಲ್ಲಿ ಹೊರಗೆ ಕಾಲಿಡುವಂತಿಲ್ಲ. ಜನ ಮಾವನಿಗೆ ಚಪ್ಪಾಳೆ ತಟ್ಟಿದರು. ಊರು ಬಿಟ್ಟ ಮೇಲೆ ಅವರಿಗೆ ಬಿದ್ದ ಮೊದಲ ಚಪ್ಪಾಳೆ. ಮುಖ ಊರಗಲವಾಯಿತು.

ಅಲ್ಲಿಗೆ ಕೂರಬೇಕಿತ್ತು. ಕೂರಲಿಲ್ಲ.

ಅಧ್ಯಕ್ಷೆ ನಗುತ್ತ, "ಜರ್ಮನರಿಗೆ ಡೇರೆಯಾಯಿತು, ಪೆಸಿಫಿಕ್ ಕಡೆಯ ಕಾಳಗಕ್ಕೆ ಶತ್ರುಗಳೇ ಸಿಗ್ತಾ ಇಲ್ಲವಲ್ಲ" ಎಂದರು. ಮಾವ ಏನೆಂದು ಕೇಳಿದರು. ಜಪಾನೀ ಸೈನಿಕರ ಪಾತ್ರಕ್ಕೆ ಜನ ಇಲ್ಲವಂತೆ ಎಂದೆ. ಮುಂದಿನ ಗಳಿಗೆಯಲ್ಲಿ ಮಾವ ಹಿಂದಿನ ಸಾಲಿಗೆ ತಿರುಗಿ, ಪಕ್ಕದ ಅಂಕಲ್ಲಿನ ಎದುರು ಬಾಗಿ ಕೈ ಮುಗಿದು, ಎರಡೂ ಕೈಯಿಂದ ಅವರ ತಲೆಯ ಮೇಲೆ ಕಾಣದ ಕಿರೀಟ ಇಟ್ಟು, ಮೀಸೆ ತಿರುವುವ ಅಭಿನಯ ಮಾಡಿ, ಸಣ್ಣದೊಂದು ಆರ್ಭಟ ಕೊಟ್ಟರು. ಅನುವಾದ ಯಾರಿಗೂ ಬೇಕಾಗಲಿಲ್ಲ. ಸಭೆಗೆ ಸಭೆ ನಕ್ಕಿತು, ಚಪ್ಪಾಳೆ ಮತ್ತೆ ಬಿತ್ತು. "ಇವರೇ ಸರಿ, ನೋಡೋದಕ್ಕೂ ಹಾಗೇ ಇದಾರೆ!" ಎಂದು ಯಾರೋ ಕೂಗಿದರು.

ಅಂಕಲ್ ಕೂಡ ನಕ್ಕರು. ಆಮೇಲೆ ಹ್ಯಾಟು ತೆಗೆದುಕೊಂಡು, ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಿ, ಹೊರಟುಹೋದರು. 

ಕಾರಿನಲ್ಲಿ ಮಾವ ಹಿಗ್ಗಿನಲ್ಲೇ ಇದ್ದರು. "ಒಪ್ಪಿದ್ರಲ್ಲಾ? ನಕ್ಕರಲ್ಲಾ?" ಎಂದು ಕೇಳಿದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಕೊಟ್ಟ ಮಾತು ಮೀರಿದರೆ ಮೀರಲಿ ಎಂದು ಎಲ್ಲವನ್ನೂ ಹೇಳಿಬಿಟ್ಟೆ: ಶಿಬಿರ, ಇಟಲಿ, ಹಿಂದಿನ ಕೋಣೆಯ ಕೋಟು. "ಅವರು ಈ ದೇಶದ ಸೈನಿಕ ಮಾವ. ಈ ದೇಶಕ್ಕಾಗಿ ಗುಂಡಿನ ಮುಂದೆ ನಿಂತವರು. ಅವರನ್ನು ಎಲ್ಲರ ಎದುರು ನೀವು ಶತ್ರು ಮಾಡಿ ಕೂರಿಸಿದ್ರಿ."

ಮಾವನ ಲೆಕ್ಕವೇ ಬೇರೆಯಿತ್ತು. ಮೇಳದಲ್ಲಿ ಬಣ್ಣದ ವೇಷ ಸಿಕ್ಕಸಿಕ್ಕವರಿಗೆ ಕೊಡುವಂಥದ್ದಲ್ಲ, ಅದು ಹಿರಿಯರ ಪಾಲು. ರಾಮನ ವೇಷದ ಹುಡುಗರು ಚೌಕಿಯಲ್ಲಿ ರಾವಣನ ಕಾಲು ಮುಟ್ಟುತ್ತಾರೆ. ಆ ಸಭೆಯಲ್ಲಿ ಅವರ ಕಣ್ಣಿಗೆ ಹಿರಿಯರೆಂದು ಕಂಡವರು ಒಬ್ಬರೇ. ದೊಡ್ಡ ವೇಷವನ್ನು ಗೆಳೆಯನಿಗೆ ಬಿಟ್ಟುಕೊಟ್ಟಿದ್ದರು, ಅಷ್ಟೇ.

"ನಾನು ಅವರ ತಲೆಗೆ ಕಿರೀಟ ಇಟ್ಟೆ ಅಂತ ಗ್ರಹಿಸಿದ್ದೆ ಮಗಾ" ಎಂದರು. ಅಷ್ಟು ದೊಡ್ಡ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಅಂಕಲ್ ಬಾಗಿಲಲ್ಲಿ ಇದ್ದರು. ಕೋಟು ವಾಪಸು ಬೇಕಂತೆ, ಹೇಗಿದೆಯೋ ಹಾಗೆ.

"ಕೊಡೋದಿಲ್ಲ" ಎಂದೆ. "ತೋಳು ಬಿಚ್ಚಿಟ್ಟಿದ್ದೀನಿ. ಅರ್ಧ ಹೊಲಿದ ಬಟ್ಟೆ ನನ್ನ ಅಂಗಡಿಯಿಂದ ಹೊರಗೆ ಹೋಗೋದಿಲ್ಲ. ಪೂರ್ತಿಯಾದ ಮೇಲೆ ಬನ್ನಿ, ತೊಡಿ, ಬಿಡಿ, ನಿಮ್ಮಿಷ್ಟ."

ಅವರು ನನ್ನನ್ನು ದುರುಗುಟ್ಟಿ ನೋಡಿದರು. ನಾನೂ ನೋಡಿದೆ. ತೋಳು ಬಿಚ್ಚಿಟ್ಟದ್ದು ನಿಜ. ಮನಸ್ಸು ಮಾಡಿದ್ದರೆ ಅರ್ಧ ಗಂಟೆಯ ಕೆಲಸ ಅನ್ನುವುದೂ ನಿಜ. ಅವರು ತಮ್ಮ ಅಂಗಡಿಗೆ ಹೋದರು.

ಸ್ವಲ್ಪ ಹೊತ್ತಿಗೆ ಮಾವ ಬಂದರು. ಕುರ್ಚಿಯ ಕಡೆ ನೋಡಲೂ ಇಲ್ಲ, ಪಂಚೆ ಎತ್ತಿ ಕಟ್ಟಿ ಸೀದಾ ಪಕ್ಕದ ಅಂಗಡಿಗೆ ನುಗ್ಗಿದರು. ಜಗಳವೇನಾದರೂ ಆದೀತೆಂದು ನಾನು ಹಿಂದೆಯೇ ಓಡಿದೆ. ಒಳಗೆ ಅಂಕಲ್ ಐಸಿನ ಪೆಟ್ಟಿಗೆ ತೆರೆದು ಬಂಗುಡೆ ತೆಗೆಯುತ್ತಿದ್ದರು. ಮಾವ ಅವರ ಪಕ್ಕದಲ್ಲಿ ನಿಂತು, ಹಲಗೆಯ ಮೇಲಿದ್ದ ಇನ್ನೊಂದು ಚೂರಿ ತೆಗೆದುಕೊಂಡು, ಒಂದು ಬಂಗುಡೆ ಎಳೆದು, ಕತ್ತರಿಸತೊಡಗಿದರು. ಗಾಳದ ತುಂಡುಗಳು. ಮಹಾ ಪಾಪ ಎಂದಿದ್ದ ಅದೇ ಕೆಲಸ. ಅವರ ಮುಖ ನೋಡಿದರೆ ಸ್ವಂತ ಬೆರಳು ಕತ್ತರಿಸಿಕೊಳ್ಳುತ್ತಿದ್ದಾರೆ ಅನ್ನಬೇಕು.

ಅಂಕಲ್ ಐಸಿನ ಪೆಟ್ಟಿಗೆ ಮುಚ್ಚಿದರು. ಆಮೇಲೆ ಮಾವನ ಮಣಿಕಟ್ಟು ಹಿಡಿದು, ಇಷ್ಟು ದಪ್ಪ ಬೇಡ, ಇಷ್ಟು ಓರೆಯಾಗಿ ಎಂದು ಚೂರಿಯನ್ನು ತಿರುಗಿಸಿ ತೋರಿಸಿದರು. ನಾನು ಅಲ್ಲಿ ನಿಲ್ಲದೆ ಬಂದು ಮೆಶಿನ್ನಿನ ಮುಂದೆ ಕೂತೆ, ಆವತ್ತೇ ಕೋಟಿನ ಎರಡೂ ತೋಳು ಮುಗಿಸಿದೆ. ಬೆನ್ನಿಗೆ ಒಳಗಿನಿಂದ ಅಂಚು ಬಿಟ್ಟೆ. ಮುಂದಿನ ವಾರಗಳಲ್ಲಿ ನುಸಿ ತಿಂದ ಕಡೆಯೆಲ್ಲ ಅದೇ ಕೋಟಿನ ಒಳ ಅಂಚಿನಿಂದ ಎಳೆ ತೆಗೆದು ರಫು ಮಾಡಿದೆ.

ಕೋಟಿನ ಮಾತನ್ನು ಮಾತ್ರ ಅಂಕಲ್ ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಪರೇಡಿನ ಭಾನುವಾರ ಬಂತು. ಬೆಳಿಗ್ಗೆ ಸುಮ್ಮನೆ ಅಂಗಡಿ ತೆರೆದು ಕೋಟಿಗೆ ಇಸ್ತ್ರಿ ಹಾಕಿ ಎದುರಿಗೇ ತೂಗುಹಾಕಿದೆ. ಮಾವ ಬಾಗಿಲಲ್ಲೇ ನಿಂತಿದ್ದರು. ಬರಲಿಕ್ಕಿಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುವಷ್ಟರಲ್ಲಿ ಅಂಕಲ್ ಬಂದರು. ಗಡ್ಡ ಹೊಸದಾಗಿ ಬೋಳಿಸಿದ್ದರು, ಟೈ ಕಟ್ಟಿದ್ದರು.

ಅಲ್ಲಿಂದ ಮುಂದೆ ನನ್ನ ಅಂಗಡಿ ಮಾವನ ಚೌಕಿಯಾಯಿತು. ನನ್ನನ್ನು ಪಕ್ಕಕ್ಕೆ ತಳ್ಳಿ ಅವರೇ ಕೋಟು ತೊಡಿಸಿದರು. ಗುಂಡಿ ಹಾಕಿದರು, ಭುಜ ತಟ್ಟಿ ಕೂರಿಸಿದರು, ಸುತ್ತ ಒಂದು ಸಲ ತಿರುಗಿ ನೋಡಿದರು, ಟೋಪಿಯನ್ನು ಕೂದಲೆಳೆಯಷ್ಟು ಓರೆ ಮಾಡಿದರು. ಕನ್ನಡಿ ಎತ್ತಿ ಹಿಡಿದರು. ಅಂಕಲ್ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡು ಬೆನ್ನು ನೆಟ್ಟಗೆ ಮಾಡಿದರು. ಹೊಲಿಗೆ ಎಲ್ಲೂ ಎಳೆಯಲಿಲ್ಲ. ನನ್ನ ಕೈಕೆಲಸಕ್ಕೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಗುಡ್ಡದ ಗೇಟಿನಲ್ಲಿ ತೋಳಿಗೆ ಹಸಿರು ಪಟ್ಟಿ ಕಟ್ಟಿಕೊಂಡ ಒಬ್ಬ ಸ್ವಯಂಸೇವಕ ನಿಂತಿದ್ದ. ಆಚೆ ರಸ್ತೆಯಲ್ಲಿ ಮಾಜಿ ಸೈನಿಕರು ಸಾಲುಗಟ್ಟುತ್ತಿದ್ದರು. ಅಂಕಲ್ ಗೇಟು ದಾಟಬೇಕು ಅನ್ನುವಷ್ಟರಲ್ಲಿ ಅವನು ಬಹಳ ಮರ್ಯಾದೆಯಿಂದಲೇ ಕೈ ಅಡ್ಡ ಹಿಡಿದ.

"ಸರ್, ಶತ್ರು ಪಾಳೆಯದ ಡೇರೆ ಬಲಗಡೆ. ಯೂನಿಫಾರ್ಮಿನಲ್ಲಿ ಹೊರಗೆ ನಿಲ್ಲೋ ಹಾಗಿಲ್ಲ, ಈ ವರ್ಷದಿಂದ ರೂಲ್."

ಕೋಟನ್ನು ಅವನು ನೋಡಲೇ ಇಲ್ಲ. ನೋಡಿದ್ದು ಮುಖವನ್ನು.  ಅಂಕಲ್ಲಿನ ಕಣ್ಣು ಹಿಂದಕ್ಕೆ, ನಮ್ಮ ಕಾರು ನಿಂತಿದ್ದ ಕಡೆಗೆ ಹೋಯಿತು. ಅಷ್ಟು ವರ್ಷ ಅವರು ಫುಟ್‌ಪಾತಿನಲ್ಲಿ ಏಕೆ ನಿಂತರು ಎಂದು ನನಗೆ ಆ ನೋಟದಲ್ಲಿ ಪೂರ್ತಿ ಅರ್ಥವಾಯಿತು.

"ಎಂತ ಹೇಳಿದ ಅವ?" ಎಂದರು ಮಾವ. ಹೇಳಿದೆ. ತಾವೇ ಸಭೆಯಲ್ಲಿ ಕೊಟ್ಟ ರೂಲ್ ಅದು. ಮಾವನ ಮುಖ ಕೆಂಪಾಯಿತು. ಮುಂದೆ ಬಂದು ಅಂಕಲ್ಲಿನ ತೋಳು ಹಿಡಿದು ಪಟ್ಟಿಗಳನ್ನು ತೋರಿಸಿದರು, ಎದೆಯ ರಿಬ್ಬನ್ನು ತೋರಿಸಿದರು, ಆಮೇಲೆ ತಮ್ಮ ಎದೆಗೇ ಬಡಿದುಕೊಂಡರು.

"ಹೇಳು ಇವನಿಗೆ! ಆಯುಷ್ಯವಿಡೀ ರಾಕ್ಷಸ ಆದವ ನಾನು. ಒಬ್ಬನಾದ್ರೂ ನನ್ನ ಮುಖ ನೋಡಿ ರಾವಣ ಅನ್ಲಿಲ್ಲ. ಕಟ್ಟಿದ್ದನ್ನು ನೋಡಿ ಅಂದ್ರು. ಇವನಿಗೆ ಕಣ್ಣು ಕಾಣುದಿಲ್ವಾ? ಶತ್ರು ಬೇಕಾದ್ರೆ ನನ್ನನ್ನು ಆ ಡೇರೆಗೆ ಹಾಕ್ಲಿ. ಇವರು ಯಾರ ಕೋಟು ಹಾಕಿದ್ದಾರೆ ಅಂತ ಮೊದಲು ನೋಡ್ಲಿ!"

ನಾನು ಒಂದಕ್ಷರ ಬಿಡದೆ, ಸಕ್ಕರೆ ಸವರದೆ ಇಂಗ್ಲಿಷಿನಲ್ಲಿ ಹೇಳಿದೆ. ಆ ಹುಡುಗ ಈಗ ಕೋಟು ನೋಡಿದ. ತೋಳು ನೋಡಿದ, ಎದೆ ನೋಡಿದ. ಅವನ ಕಿವಿಯವರೆಗೂ ಕೆಂಪೇರಿತು. ಸಾರಿ, ಸಾರಿ ಎಂದು ತೊದಲತೊಡಗಿದ. ಅಂಕಲ್ ಮೆಲ್ಲಗೆ ಮಾವನ ಕೈಯನ್ನು ತಮ್ಮ ತೋಳಿನಿಂದ ಬಿಡಿಸಿದರು.

"ನನ್ನ ಜಾಗ ಆ ಸಾಲಿನಲ್ಲಿದೆ" ಎಂದರು ಅವನಿಗೆ. "ದಾರಿ ಬಿಡಪ್ಪ."

ಅವನು ಬಿಟ್ಟ. ಅವರು ನಡೆದರು. ಸಾಲಿನಲ್ಲಿದ್ದ ಒಬ್ಬ ಮುದುಕರು ಒಂದು ಹೆಜ್ಜೆ ಸರಿದು ಜಾಗ ಮಾಡಿಕೊಟ್ಟರು. ಬ್ಯಾಂಡು ಶುರುವಾಯಿತು. ನಾವು ಫುಟ್‌ಪಾತಿನಲ್ಲಿ ನಿಂತೆವು. ಅಂಕಲ್ ನಮ್ಮೆದುರು ಬಂದಾಗ ಮಾವ ಎದೆ ತುಂಬ ಉಸಿರೆಳೆದು, ರಾವಣ ಜನರ ನಡುವಿನಿಂದ ರಂಗಸ್ಥಳಕ್ಕೆ ನುಗ್ಗುವಾಗ ಕೊಡುವ ಆರ್ಭಟವನ್ನು ಪೂರ್ತಿ ಗಂಟಲಿನಲ್ಲಿ ಕೊಟ್ಟರು. ಮಕ್ಕಳು ಅಮ್ಮಂದಿರನ್ನು ಅಪ್ಪಿಕೊಂಡರು, ಡೋಲಿನವನ ತಾಳ ತಪ್ಪಿತು. ಅಂಕಲ್ ಮುಖ ತಿರುಗಿಸಲಿಲ್ಲ, ಸೈನಿಕ ಸಾಲಿನಲ್ಲಿ ಮುಖ ತಿರುಗಿಸುವುದಿಲ್ಲವಲ್ಲ. ಆದರೆ ನಾನು ಹೊಲಿದ ಆ ಭುಜಗಳು ನಗೆಯಿಂದ ಕುಲುಕುತ್ತಿದ್ದವು.

ಮಧ್ಯಾಹ್ನದ ಕಾಳಗಕ್ಕೆ ಮಾವ ನಿಲ್ಲಲಿಲ್ಲ. ಹಿಂದಿನ ದಿನವೇ ರಿಹರ್ಸಲ್ ನೋಡಿ, ಈ ಜನಕ್ಕೆ ಸರಿಯಾಗಿ ಸಾಯ್ಲಿಕ್ಕೇ ಬರುದಿಲ್ಲ ಎಂದು ತೀರ್ಪು ಕೊಟ್ಟಾಗಿತ್ತು. ಕಾಳಗ ಮುಗಿದು ಶತ್ರುಗಳೆಲ್ಲ ಡೇರೆಯಲ್ಲಿ ಬಟ್ಟೆ ಕಳಚಿ ಟಿ-ಶರ್ಟಿನಲ್ಲಿ ಹೊರಗೆ ಬಂದದ್ದನ್ನು ನೋಡಿಕೊಂಡು ನಾನು ಅಂಗಡಿಗೆ ಬಂದೆ. ಪಕ್ಕದ ಅಂಗಡಿ ತೆರೆದಿತ್ತು. ಭಾನುವಾರ ಮೀನು ಹಿಡಿಯಲು ಹೋಗುವವರ ದಿನ, ಗಿರಾಕಿಗಳ ಸಾಲು. ಒಳಗೆ ಅಂಕಲ್ ಇನ್ನೂ ಅದೇ ಕೋಟಿನಲ್ಲಿ ನಿಂತು ಬಂಗುಡೆ ಪೊಟ್ಟಣ ಕಟ್ಟುತ್ತಿದ್ದಾರೆ! ಮಾವ ಪಕ್ಕದಲ್ಲಿ ಕತ್ತರಿಸುತ್ತಿದ್ದಾರೆ. ನನಗೆ ಹೊಟ್ಟೆ ಉರಿದುಹೋಯಿತು. ವಾರಗಟ್ಟಲೆ ಎಳೆ ಎಳೆಯಾಗಿ ರಫು ಮಾಡಿದ ಉಣ್ಣೆ!

"ಕೋಟು ತೆಗೀರಿ ಅಂಕಲ್, ಮೀನಿನ ಕಲೆ ಹೋಗೋದಿಲ್ಲ!" ಎಂದು ಇಂಗ್ಲಿಷಿನಲ್ಲಿ ಕೂಗಿದೆ. ಅವರು ಕೇಳಿಸದವರ ಹಾಗೆ ಇದ್ದರು. ಮಾವನ ಕಡೆ ತಿರುಗಿದೆ. "ಆಟ ಮುಗಿದ ಕೂಡ್ಲೇ ಕಳಚ್ಬೇಕು ಅಂತ ರೂಲ್ ಮಾಡಿದ್ದು ನೀವೇ ಅಲ್ವಾ ಮಾವ? ಹೇಳಿ ಇವರಿಗೆ."

ಮಾವ ಚೂರಿ ನಿಲ್ಲಿಸಲಿಲ್ಲ. "ಅದು ವೇಷಕ್ಕೆ ಹೇಳಿದ್ದು. ಇದು ಅವರ ಬಟ್ಟೆ ಮಾರಾಯ್ತಿ" ಎಂದರು.

ಏನಂದರು ಎಂದು ಅಂಕಲ್ ಕೇಳಿದರು. ಹೇಳಿದೆ. ಅವರು ಕಟ್ಟುತ್ತಿದ್ದ ಪೊಟ್ಟಣ ಕೆಳಗಿಟ್ಟರು. ಕೈಯನ್ನು ಒರಸುಬಟ್ಟೆಗೆ ಒರೆಸಿಕೊಂಡು, ಸೆಕೆಗೆ ಬಿಚ್ಚಿದ್ದ ಮೇಲಿನ ಗುಂಡಿಯನ್ನು ಹಾಕಿಕೊಂಡರು. ಆಮೇಲೆ ಮುಂದಿನ ಗಿರಾಕಿಗೆ ಏನು ಬೇಕೆಂದು ಕೇಳಿದರು. ಕೋಟಿನ ಅಂಚಿಗೆ ಕಲೆ ಆಗಿಯೇ ಆಯಿತು. ಅದನ್ನು ತೆಗೆಸಲು ಅವರು ನನ್ನಲ್ಲಿಗೆ ತರಲಿಲ್ಲ, ಮುಂದಿನ ವರ್ಷದ ಪರೇಡಿನಲ್ಲೂ ಆ ಕಲೆಯೊಡನೆಯೇ ನಡೆದರು.